ಛಂದಸ್ಸಿನ ಗಣಾಕ್ಷರಗಳು: ಸಂಕ್ಷೇಪಣದ ಒಂದು ಪ್ರಾಚೀನ ಕ್ರಮ

ದತ್ತಾಂಶವನ್ನು ಸಂಕ್ಷೇಪಿಸುವ ಕಲೆ ಗಣಕಯಂತ್ರದೊಡನೆಯೇ ಹುಟ್ಟಿತೆಂಬ ಭಾವನೆಯನ್ನು ನಮ್ಮ ಛಂದಶ್ಶಾಸ್ತ್ರ ಒಪ್ಪುವುದಿಲ್ಲ. ಪಿಂಗಲನ ಸೂತ್ರಗಳಲ್ಲಿಯೂ 10ನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ 'ಛಂದೋಂಬುಧಿ'ಯಲ್ಲಿಯೂ ಗುರುಲಘುಗಳ ಮೂರಕ್ಷರದ 8 ವಿನ್ಯಾಸಗಳಿಗೆ ಒಂದೊಂದೇ ಅಕ್ಷರದ ಹೆಸರುಂಟು. ಆದುದರಿಂದ 20 ಅಕ್ಷರಗಳ ಉತ್ಪಲಮಾಲೆಯ ಪಾದವನ್ನು ಭ-ರ-ನ-ಭ-ಭ-ರ-ಲ-ಗ ಎಂದು 8 ಅಕ್ಷರಗಳಲ್ಲಿ ಸೂಚಿಸಬಹುದು. ವಿದ್ಯಾರ್ಥಿಗಳು ಬಾಯಿಪಾಠ ಮಾಡುವ 'ಯಮಾತಾರಾಜಭಾನಸಲಗಂ' ಎಂಬುದು ಇನ್ನೂ ಬಿಗಿಯಾದುದು: ಗಣದ ಹೆಸರಿನಿಂದ ಮೊದಲಾಗಿ ಮೂರಕ್ಷರ ಓದಿದರೆ ಆ ಗಣದ ಲಕ್ಷಣವೇ ದೊರೆಯುತ್ತದೆ; 24 ಅಕ್ಷರಗಳ ಕೆಲಸವನ್ನು 10 ಅಕ್ಷರಗಳು ಮಾಡುತ್ತವೆ.

1952ರಲ್ಲಿ ಡೇವಿಡ್ ಹಫ್‌ಮನ್ ಪ್ರಕಟಿಸಿದ ಕ್ರಮದಿಂದ ಮೂಲಪಾಠ ಪೂರ್ಣವಾಗಿ ಮರಳುತ್ತದೆ. ಗಣಗಳಿಂದ ಪದ್ಯ ಮರಳದು, ಅದರ ನಡೆ ಮಾತ್ರ ಉಳಿಯುತ್ತದೆ. ಆದರೂ ಓಲೆಯ ಪ್ರತಿಯಲ್ಲಿ ಅಕ್ಷರ ಜಾರಿದೆಡೆ ಗಣ ಕೆಟ್ಟು ದೋಷವನ್ನು ತೋರುತ್ತದೆ. ಗ್ರಂಥಸಂಪಾದಕರಿಗೆ ಈ ಉಪಕಾರ ಸಣ್ಣದಲ್ಲವೆಂದು ನಾವು ಭಾವಿಸುತ್ತೇವೆ.