ಇದು ಬೇರೆ ಕಗ್ಗ!

ಕಗ್ಗ ಅಂದ ಕೂಡಲೇ ನಿಮಗೆ ಡಿವಿಜಿ ನೆನಪಾದರೆ ತಪ್ಪೇನಿಲ್ಲ, ನನಗೂ ಹಾಗೇ ಆಗಿತ್ತು. ಕಗ್ಗ ಅನ್ನೋದು ಉಪ್ಪುನೆಲದಲ್ಲಿ ಬೆಳೆಯುವ ಭತ್ತದ ತಳಿ ಅಂತ ಗೊತ್ತಾದದ್ದು ಕುಮಟಾದ ಗೆಳೆಯನ ಮನೆಯಲ್ಲಿ ಊಟಕ್ಕೆ ಕೂತಾಗ.

ಅಘನಾಶಿನಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾ ಸುತ್ತಮುತ್ತ ಗಜನಿ ಅಂತ ತಗ್ಗು ಗದ್ದೆಗಳಿವೆ. ಸುತ್ತ ಮಣ್ಣಿನ ಕಟ್ಟೆ, ನೀರು ಬಿಡಲು-ತಡೆಯಲು ಮರದ ಹಲಗೆಯ ಬಾಗಿಲು. ಮಳೆನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಗೊಬ್ಬರ ಹಾಕುವುದಿಲ್ಲ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಸಾಯುವುದಿಲ್ಲ. ಕೊಯ್ಲಾದ ಮೇಲೆ ಭರತದ ನೀರನ್ನು ಒಳಗೆ ಬಿಡುತ್ತಾರೆ. ಕೂಳೆ ಕೊಳೆತು ಮೀನಿಗೆ, ಶೆಟ್ಲಿಗೆ (ಅಲ್ಲಿ ಸಿಗಡಿಗೆ ಹಾಗನ್ನುತ್ತಾರೆ) ಆಹಾರವಾಗುತ್ತದೆ. ಒಂದೇ ಗದ್ದೆ, ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು!

ಲೆಕ್ಕ ಹಾಕುವವರ ಕಣ್ಣಿಗೆ ಮಾತ್ರ ಇದು ಇಳುವರಿ ಕಡಿಮೆಯ ಭತ್ತ, ಅಷ್ಟೇ. ಮೀನಿನ ಆದಾಯ ಆ ಕಾಲಂನಲ್ಲೇ ಇರುತ್ತಿರಲಿಲ್ಲ. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆ ಕಟ್ಟಿಸಿತು. ಮುಂದೆ ರಫ್ತಿನ ಸಿಗಡಿಗೆ ಬೆಲೆ ಬಂತು, 90ರ ದಶಕದಲ್ಲಿ ಗಜನಿಗಳು ಸಿಗಡಿ ಕೆರೆಗಳಾದವು. ಸಿಗಡಿಗೆ ಉಪ್ಪುನೀರು ನಿಲ್ಲಬೇಕು, ಕಗ್ಗಕ್ಕೆ ಉಪ್ಪು ತೊಳೆದು ಹೋಗಬೇಕು. ಕಟ್ಟೆ ಎಲ್ಲರದ್ದೂ ಒಂದೇ ಆದ್ದರಿಂದ ಒಬ್ಬರು ನೀರು ನಿಲ್ಲಿಸಿದರೆ ಪಕ್ಕದವರ ಭತ್ತವೂ ಹೋಯಿತು.

1994-95ರಲ್ಲಿ ಭಾರತದ ಕರಾವಳಿಗೆ ಬಿಳಿಚುಕ್ಕೆ ರೋಗ ಬಂತು. ಈ ವೈರಸ್ ಹೊಕ್ಕರೆ ಕೆರೆಯ ಸಿಗಡಿಯೆಲ್ಲ ಕೆಲವೇ ದಿನಗಳಲ್ಲಿ ಸಾಯುತ್ತದೆ, ಮರಿಗೂ ಮೇವಿಗೂ ಮಾಡಿದ ಸಾಲ ಮಾತ್ರ ಉಳಿಯುತ್ತದೆ. ನಮ್ಮ ಆಫೀಸ್ ಭಾಷೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಹಳೇ ಗಜನಿಯಲ್ಲಿ ಭತ್ತ ಕೈಕೊಟ್ಟರೆ ಮೀನಾದರೂ ಇರುತ್ತಿತ್ತು.

ಡಿಸೆಂಬರ್ 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ರೀತಿಯದ್ದನ್ನು ಬಿಟ್ಟು ಉಳಿದ ಸಿಗಡಿ ಕೆರೆಗಳನ್ನು ಮುಚ್ಚಲು ಹೇಳಿತು. 2005ರ ಕಾಯ್ದೆ ಆ ಬಾಗಿಲನ್ನು ಮತ್ತೆ ತೆರೆಯಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಕಗ್ಗದ ಬೀಜವೇ ಇರಲಿಲ್ಲ. ಮಾಣಿಕಟ್ಟಾದ ಕೆಲವು ರೈತರು ಬಿಡದೆ ಬಿತ್ತುತ್ತಾ ಬಂದದ್ದರಿಂದ ತಳಿ ಉಳಿದಿದೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು.

ಗೆಳೆಯನ ಮನೆಯಲ್ಲಿ ಅವತ್ತು ಬಡಿಸಿದ್ದು ಅಂಗಡಿ ಅಕ್ಕಿಯ ಅನ್ನ. ಅವನ ಅಜ್ಜಿ ಅದನ್ನು ಎರಡು ಸಲ ಹೇಳಿದರು. ನಿಮ್ಮಲ್ಲಿ ಯಾರಾದರೂ ಕಗ್ಗದ ಗಂಜಿ ಉಂಡಿದ್ದೀರಾ? ಹೇಗಿತ್ತು, ಬರೆಯಿರಿ..