ಹಳೇ ಗಾಡಿ, ಹಳೇ ಹೆಸರು

ಯುಗಾದಿ ಮುಗಿದ ವಾರ ರಾಣೆಬೆನ್ನೂರಿನಿಂದ ಮಾವನ ಮಗ ಫೋನ್ ಮಾಡಿದ. ಅಲ್ಯೂಮಿನಿಯಂ ಕಿಟಕಿ, ಬಾಗಿಲು ಕೂಡಿಸುವುದು ಅವನ ಕೆಲಸ. ಇಷ್ಟು ದಿನ ಬಾಡಿಗೆ ಗಾಡಿಯಲ್ಲಿ ಸಾಮಾನು ಸಾಗಿಸುತ್ತಿದ್ದವನಿಗೆ ಈಗ ಸ್ವಂತದ್ದೊಂದು ಬೇಕಾಗಿತ್ತು.

"ಅಣ್ಣಾ, 2013ರ ಟಾಟಾ ಏಸ್ ಐತಿ. ಒಂದು ಅರವತ್ತು ಅಂತಾನ. ಎಂಜಿನ್ ಗುಂಡುಕಲ್ಲು ಇದ್ದಂಗ ಐತಿ. ನೀ ಪೇಪರ್‌ನಾಂವ, ಒಂಚೂರು ಬಂದು ನೋಡು" ಅಂದ.

ಪತ್ರಿಕೆಯವನು ಎಂಬ ಅರ್ಥದಲ್ಲಿ ಅವನು ಹಾಗಂದದ್ದು. ಆದರೆ ಅವತ್ತು ನಾನು ನೋಡಬೇಕಾಗಿ ಬಂದದ್ದು ಗಾಡಿಯ ಪೇಪರನ್ನೇ. ನಾವು ಮನೆಯಿಂದ ಹೊರಡುವಾಗ ಕಟ್ಟೆಯ ಮೇಲೆ ಕೂತಿದ್ದ ಮಾವ ಬೆಲೆ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ. "ಬುಕ್ಕು ಯಾರ ಹೆಸರಿಗೈತಿ?" ಅಂದರು, ಅಷ್ಟೇ.

ಆ ಒಂದು ಪ್ರಶ್ನೆಯ ಹಿಂದೆ ನಮ್ಮ ಕಡೆಯ ಕಸುಬಿನವರು ಹಳೇ ಗಾಡಿ ಕೊಂಡು ಬಂದ ಇತಿಹಾಸವೇ ಇದೆ.

ಮೊದಲು 'ಟೆಂಪೋ' ಎಂಬ ಮಾತನ್ನೇ ತೆಗೆದುಕೊಳ್ಳಿ. ಸಣ್ಣ ಸರಕು ಗಾಡಿ ಯಾವ ಕಂಪನಿಯದೇ ಇರಲಿ, ನಮಗೆ ಅದು ಟೆಂಪೋ. ಈ ಹೆಸರು ಬಂದದ್ದು ಜರ್ಮನಿಯ ಹ್ಯಾಂಬರ್ಗ್ ನಗರದ ವಿಡಾಲ್ ಎಂಬ ಕಂಪನಿಯ ಮೂರು ಗಾಲಿಯ ಗಾಡಿಯಿಂದ. 1958ರಲ್ಲಿ ಎನ್. ಕೆ. ಫಿರೋದಿಯಾ ಅವರು ಆರಂಭಿಸಿದ ಬಜಾಜ್ ಟೆಂಪೋ ಕಂಪನಿ ಅದನ್ನು ಇಲ್ಲಿ ತಯಾರಿಸಿತು. ಮುಂದೆ ಅದೇ ಕಂಪನಿಯಿಂದ ಮೆಟಡೋರ್ ಬಂತು, ಅದೂ ಊರ ಮಾತಿಗೆ ಸೇರಿಕೊಂಡಿತು. 2005ರಲ್ಲಿ ಕಂಪನಿಯೇ ಹೆಸರು ಬದಲಿಸಿಕೊಂಡು ಫೋರ್ಸ್ ಮೋಟರ್ಸ್ ಆದರೂ ನಮ್ಮ ಬಾಯಲ್ಲಿ ಟೆಂಪೋ ಟೆಂಪೋವಾಗಿಯೇ ಉಳಿದಿದೆ.

ಆದರೆ ಹೊಸ ಟೆಂಪೋ, ಮೆಟಡೋರ್‌ಗಳನ್ನು ಕೊಂಡವರು ವ್ಯಾಪಾರಸ್ಥರು. ಬಡಿಗರು, ಗೌಂಡಿಗಳು, ವೆಲ್ಡಿಂಗ್‌ನವರು ಬೇಕಾದಾಗ ಬಾಡಿಗೆಗೆ ಕರೆಯುತ್ತಿದ್ದರು. ಆ ಗಾಡಿಗಳು ಹತ್ತಾರು ವರ್ಷ ಮೆಣಸಿನಕಾಯಿ ಚೀಲ, ಹತ್ತಿ ಅಂಡಿಗೆ ಹೊತ್ತು ಸವೆದ ಮೇಲೆ ಶಾಮಿಯಾನದವರ, ಸೆಂಟ್ರಿಂಗ್‌ನವರ ಕೈಗೆ ಬಂದವು. 1997ರಲ್ಲಿ ಹಾವೇರಿ ಜಿಲ್ಲೆ ಬೇರೆಯಾಗಿ ಕೆಎ 27 ನಂಬರು ಸಿಕ್ಕಿತಲ್ಲ, ಅದಾದ ಎಷ್ಟೋ ವರ್ಷಗಳ ಮೇಲೂ ನಮ್ಮೂರ ಹಳೇ ಗಾಡಿಗಳ ಮೇಲೆ ಧಾರವಾಡದ ಕೆಎ 25 ಕಾಣುತ್ತಿತ್ತು. ನಂಬರಿನ ಜತೆ ಎಷ್ಟೋ ಗಾಡಿಗಳಲ್ಲಿ ಹಳೇ ಮಾಲೀಕನ ಹೆಸರೂ ಹಾಗೇ ಉಳಿದಿತ್ತು.

ದುಡಿಯುವವನ ಸ್ವಂತ ಗಾಡಿ ಬಂದದ್ದು ಮೊಪೆಡ್ ಜತೆ. 1972ರಲ್ಲಿ ಅದೇ ಫಿರೋದಿಯಾ ಮನೆತನದ ಕೈನೆಟಿಕ್ ಕಂಪನಿ ಲೂನಾ ತಂದಿತು. 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಂತು. ಎರಡೂ 50 ಸಿಸಿ. ಆ ಕಾಲದಲ್ಲಿ ಬಜಾಜ್ ಸ್ಕೂಟರ್ ಬೇಕೆಂದರೆ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಕೈಯಲ್ಲಿರುವ ಹಳೇ ಸ್ಕೂಟರೇ ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ಮೊಪೆಡ್ ಕೈಗೆಟುಕಿತು.

ಮಾವ ಬಡಿಗತನದವರು. ಉಳಿ, ಬಾಚಿ, ಕೀಸುಳಿಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಗರಗಸವನ್ನು ಸೈಕಲ್ಲಿನ ಅಡ್ಡಪಟ್ಟಿಗೆ ಬಿಗಿದು ಹಳ್ಳಿಹಳ್ಳಿಗೆ ಹೋಗುತ್ತಿದ್ದರು. ಮದುವೆಯಾದ ಮರುವರ್ಷ ಊರಿನ ಮಾಸ್ತರರ ಹತ್ತಿರ ಟಿವಿಎಸ್ 50 ಕೊಂಡರು. ಮುಂದೆ ಕಾಲಿಡುವ ಜಾಗದಲ್ಲಿ ಹತ್ಯಾರದ ಚೀಲ, ಹಿಂದೆ ರೀಪರ್ ಕಟ್ಟು. ದಿನಕ್ಕೆ ಎರಡು ಊರಿನ ಕೆಲಸ ಮುಗಿಸುವಂತಾಯಿತು. ಮಾಸ್ತರರ ಹೆಸರಿನಿಂದ ತಮ್ಮ ಹೆಸರಿಗೆ ಬುಕ್ಕು ಮಾಡಿಸಿಕೊಳ್ಳಬೇಕೆಂಬ ವಿಚಾರ ಅವರಿಗೂ ಬರಲಿಲ್ಲ, ಮಾಸ್ತರರಿಗೂ ಬರಲಿಲ್ಲ. ಗಾಡಿ ಅದೇ ಊರಲ್ಲಿ ಓಡಾಡುತ್ತಿತ್ತು. ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ಊರವರ ಗುರುತೇ ದಾಖಲೆಯಾಗಿತ್ತು.

ಮುಂದೆ ಆ ಗುರುತಿನ ಪೇಟೆ ದೊಡ್ಡದಾಯಿತು. 1984ರ ಕೊನೆಗೆ ಬಂದ ಮಾರುತಿ ವ್ಯಾನ್ 1988ರಲ್ಲಿ ಓಮ್ನಿ ಆಯಿತು. 796 ಸಿಸಿಯ ಸಣ್ಣ ಎಂಜಿನ್, ಪಕ್ಕಕ್ಕೆ ಸರಿಯುವ ಬಾಗಿಲು. ಪೇಟೆಯ ಕುಟುಂಬಗಳು ಹತ್ತು ವರ್ಷ ಓಡಿಸಿ ಕಾರು ಕೊಂಡಾಗ ಹಳೇ ಓಮ್ನಿಗಳು ಪ್ಲಂಬರು, ಎಲೆಕ್ಟ್ರಿಷಿಯನ್ನು, ಬಡಿಗರ ಪಾಲಿಗೆ ಬಂದವು. ಹಿಂದಿನ ಸೀಟು ಬಿಚ್ಚಿದರೆ ಅದೇ ನಡೆದಾಡುವ ವರ್ಕ್‌ಶಾಪು. ಮಳೆ ಬಂದರೂ ಪ್ಲೈವುಡ್ ನೆನೆಯುತ್ತಿರಲಿಲ್ಲ. ಮಾವ 2006ರಲ್ಲಿ ಒಂದನ್ನು ಕೊಂಡರು. ಈ ಸಲ ಬುಕ್ಕು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು.

ಅದಕ್ಕೂ ಒಂದು ವರ್ಷ ಮೊದಲು, 2005ರಲ್ಲಿ, ಟಾಟಾ ಏಸ್ ಬಂದಿತ್ತು. ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನನ್ನು ಅರ್ಧ ಮಾಡಿದ ಹಾಗೆ ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ಬೆಲೆ ಸುಮಾರು ಎರಡೂಕಾಲು ಲಕ್ಷ. ಪುಣೆ-ಬೆಂಗಳೂರು ಹೆದ್ದಾರಿ ಅಗಲವಾಗಿ ದೊಡ್ಡ ಲಾರಿಗಳು ಪೇಟೆಯ ಹೊರಗೇ ಸರಕು ಇಳಿಸತೊಡಗಿದ್ದ ಹೊತ್ತು ಅದು. ಅಲ್ಲಿಂದ ಓಣಿಯ ಅಂಗಡಿಗೆ ಮುಟ್ಟಿಸಲು ಸಣ್ಣ ಗಾಡಿ ಬೇಕಿತ್ತು. ಒಟ್ಟು ತೂಕ 3000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ ಎಂಬ ಮೋಟಾರು ವಾಹನ ಕಾಯ್ದೆಯ ವಿನಾಯಿತಿಯೂ ಅನುಕೂಲವಾಯಿತು. ಓಡಿಸುವವರಿಗೆ ಬ್ಯಾಡ್ಜ್ ಬೇಕೇ ಬೇಡವೇ ಎಂಬ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು. ಲಘು ವಾಹನದ ಲೈಸೆನ್ಸ್ ಇದ್ದವರು 7500 ಕಿಲೋ ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು.

ಹೀಗೆ ಕಬ್ಬಿಣ ಅಗ್ಗವಾಯಿತು, ಕಾನೂನು ಹಗುರಾಯಿತು, ಪೇಟೆ ದೊಡ್ಡದಾಯಿತು. ಬದಲಾಗದೆ ಉಳಿದದ್ದು ಆ ಹಳೇ ರೂಢಿ. ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಕೈ ತೊಳೆದುಕೊಳ್ಳುವುದು.

2013ರಲ್ಲಿ ಮಾವ ಆ ಓಮ್ನಿಯನ್ನು ದಲಾಲಿಯೊಬ್ಬರ ಮೂಲಕ 72 ಸಾವಿರಕ್ಕೆ ಮಾರಿದರು. 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿದರು. ಕೊಳ್ಳುವವರ ಹೆಸರಿನ ಜಾಗ ಖಾಲಿ ಇತ್ತು. "ನಾವ್ ತುಂಬ್ಕೋತೀವಿ ಬಿಡ್ರಿ ಕಾಕಾ" ಅಂದಿದ್ದರಂತೆ. ಯಾರೂ ತುಂಬಲಿಲ್ಲ. ಮೂರು ವರ್ಷದ ಮೇಲೆ ಬೇರೆ ಜಿಲ್ಲೆಯ ಕೋರ್ಟಿನಿಂದ ನೋಟಿಸ್ ಬಂತು. ಓಮ್ನಿ ಕೈಯಿಂದ ಕೈಗೆ ಹೋಗಿ, ಇನ್ಶೂರೆನ್ಸ್ ಇಲ್ಲದೆ ಓಡಿ, ಕೂಲಿ ಕೆಲಸದವರೊಬ್ಬರಿಗೆ ಡಿಕ್ಕಿ ಹೊಡೆದಿತ್ತು. ಅವರ ಕಾಲು ಹೋಗಿತ್ತು. ದಾಖಲೆಯಲ್ಲಿ ಮಾಲೀಕರು ನಮ್ಮ ಮಾವ.

ಕೇಸು ನಡೆಯುತ್ತಿರುವಾಗಲೇ, 2018ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದು. ಪೆಟ್ಟು ತಿಂದವರು ಒಬ್ಬರಾದ ಮೇಲೊಬ್ಬ ಖರೀದಿದಾರರನ್ನು ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ನ್ಯಾಯ. ವಕೀಲರು ಇದನ್ನು ಓದಿ ಹೇಳಿದಾಗ ಮಾವ ಬಹಳ ಹೊತ್ತು ಸುಮ್ಮನಿದ್ದು, "ಅದೂ ಖರೇನ ಐತಿ. ಆ ಮನುಷ್ಯಾ ಎಲ್ಲಿಗಂತ ಹೋಗಬೇಕು" ಅಂದರು. ಕೊನೆಗೆ ರಾಜಿಯಾಗಿ 2 ಲಕ್ಷ 10 ಸಾವಿರ ಕಟ್ಟಿದರು. ಅತ್ತೆಯ ಬಂಗಾರ ಬ್ಯಾಂಕಿಗೆ ಹೋಯಿತು. ಅದನ್ನು ಬಿಡಿಸಲು ನಾಲ್ಕು ವರ್ಷ ಬೇಕಾಯಿತು.

ಈಗ ಮತ್ತೆ ಆ ಏಸ್ ಕಡೆ ಬರೋಣ. ಮೆಕ್ಯಾನಿಕ್ ಎಂಜಿನ್ ಕಿವಿಗೊಟ್ಟು ಕೇಳಿದ, ಚಾಸಿಯ ಕೆಳಗೆ ಮಲಗಿ ವೆಲ್ಡಿಂಗ್ ಗುರುತು ಹುಡುಕಿದ, ಹಿಂದಿನ ಗಾಲಿಗಳ ಮೇಲಿನ ಪಟ್ಟಿಗಳನ್ನು ತಟ್ಟಿ ನೋಡಿದ. ಮುಕ್ಕಾಲು ಟನ್ನಿಗೆಂದು ಮಾಡಿದ ಗಾಡಿಗೆ ನಮ್ಮವರು ಒಂದೂವರೆ ಟನ್ ಮರಳು ಹೇರುತ್ತಾರೆ, ಅದರ ಲೆಕ್ಕ ಅಲ್ಲೇ ಸಿಗುತ್ತದೆ. ಗಾಡಿ ಪಾಸಾಯಿತು. ನಾನು ಪರಿವಾಹನ್ ಜಾಲತಾಣದಲ್ಲಿ ನಂಬರ್ ಹಾಕಿ, ಆರ್‌ಸಿ ಜತೆ ತಾಳೆ ನೋಡಿದೆ. ಹೆಸರು ದಾವಣಗೆರೆಯ ಯಾರದೋ. ಮಾರುತ್ತಿರುವವರಿಗೂ ಆ ಹೆಸರಿಗೂ ನಡುವೆ ಇನ್ನೊಬ್ಬರಿದ್ದರು, ದಾಖಲೆಯಲ್ಲಿ ಅವರಿಲ್ಲ. 2013ರ ಫೈನಾನ್ಸ್ ಸಾಲದ ನಮೂದು ಇನ್ನೂ ತೆಗೆದಿಲ್ಲ. ಅದನ್ನು ತೆಗೆಸಲು ಸಾಲ ಕೊಟ್ಟವರ ಸಹಿ ಇರುವ 35ನೇ ನಮೂನೆ ಬೇಕು, ಅದು ಯಾರ ಹತ್ತಿರವೂ ಇರಲಿಲ್ಲ. ಎಫ್‌ಸಿ ಎರಡು ತಿಂಗಳಲ್ಲಿ ಮುಗಿಯುತ್ತಿತ್ತು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದು ವರ್ಷಕ್ಕೊಮ್ಮೆ ಆಗಬೇಕು. 15 ವರ್ಷ ದಾಟಿದ ಮೇಲೆ ಶುಲ್ಕ ಬೇರೆ ಜಾಸ್ತಿ, 2022ರ ಏಪ್ರಿಲ್‌ನಿಂದ ಏರಿಸಿದ್ದಾರೆ.

"ಎಲ್ಲಾರೂ ಹಿಂಗ ಓಡಸ್ತಾರಣ್ಣಾ" ಅಂದ ಹುಡುಗ. ಅವನ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಗಾಡಿ ಇಲ್ಲದೆ ಕಳೆದ ಪ್ರತಿ ದಿನಕ್ಕೂ ಬಾಡಿಗೆ ಕೊಡುತ್ತಿದ್ದವನು ಅವನು. ಆದರೂ ಬಿಟ್ಟುಬಂದೆವು.

ಮೂರು ವಾರದ ಮೇಲೆ ಬ್ಯಾಡಗಿ ಕಡೆಯ ಇನ್ನೊಂದು ಏಸ್ ಸಿಕ್ಕಿತು. 2014ರದ್ದು, 1 ಲಕ್ಷ 95 ಸಾವಿರ. ಬಣ್ಣ ಹೋಗಿತ್ತು, ಹಿಂದಿನ ಬಾಗಿಲನ್ನು ತಂತಿಯಿಂದ ಕಟ್ಟಿದ್ದರು. ಆದರೆ ಬುಕ್ಕಿನಲ್ಲಿದ್ದ ಹೆಸರಿನ ಮನುಷ್ಯರೇ ಎದುರು ನಿಂತಿದ್ದರು, ಸಾಲ ತೀರಿದ ಪತ್ರವೂ ಅವರ ಬಳಿ ಇತ್ತು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಎಂಬುದು ಕಾಯ್ದೆಯಲ್ಲೇ ಇದೆ. ನಾವು ಹಣ ಎಣಿಸಿದ ದಿನವೇ ಇಬ್ಬರನ್ನೂ ಕೂರಿಸಿ ಅರ್ಜಿ ಹಾಕಿಸಿದೆವು, ಇನ್ಶೂರೆನ್ಸನ್ನೂ ಹೊಸ ಹೆಸರಿಗೆ ಬದಲಿಸಲು ಕೊಟ್ಟೆವು. ಮಾರಿದವರಿಗೆ ಇದು ಅತಿ ಅನ್ನಿಸಿತು. "ಇಷ್ಟ್ಯಾಕ್ರೀ ಗಡಬಡಿ?" ಅಂದರು. ಜತೆಗೆ ಬಂದಿದ್ದ ಮಾವ, "ಇದು ನಿಮ್ ಸಲುವಾಗೇ ರೀ" ಅಂದರು.

ಕಾರ ಹುಣ್ಣಿಮೆಯ ಹೊತ್ತಿಗೆ ಹೊಸ ಆರ್‌ಸಿ ಬಂತು. ಮಾವ ಕನ್ನಡಕ ಹಾಕಿಕೊಂಡು ಮಗನ ಹೆಸರನ್ನು ಎರಡು ಸಲ ಓದಿ, ಕಾರ್ಡನ್ನು ತಿರುಗಿಸಿ ಸಾಲದ ನಮೂದು ಇಲ್ಲವೆಂದು ನೋಡಿ, ಆಮೇಲೆ ಕೈಗೆ ಕೊಟ್ಟರು. "ಇನ್ನ ಆ ಬಾಗ್ಲಾ ರಿಪೇರಿ ಮಾಡ್ಸು" ಅಂದರು.