ಸೀಸೆಯ ಪುನರಾಗಮನ

ಸಂಸ್ಕೃತದ ಸುಭಾಷಿತಕಾರರು ಗಾಜಿನ ವಿಷಯದಲ್ಲಿ ದಾಕ್ಷಿಣ್ಯ ತೋರಿದವರಲ್ಲ. ಮಣಿಯು ಸಜ್ಜನನಾದರೆ ಕಾಚವು ದುರ್ಜನ. ಮಣಿಯು ಪಾಂಡಿತ್ಯವಾದರೆ ಕಾಚವು ಅದರ ಸೋಗು. ಈ ತಾರತಮ್ಯವನ್ನು ಪಾಠಶಾಲೆಯಲ್ಲಿ ಕಂಠಪಾಠ ಮಾಡಿ ಬೆಳೆದ ನನ್ನಂಥವನು ವೃದ್ಧಾಪ್ಯದಲ್ಲಿ ಕಾಚದ ಪಕ್ಷವನ್ನು ವಹಿಸಿ ಲೇಖನಿ ಹಿಡಿದಿರುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಇದಕ್ಕೆ ಕಾರಣವಾದ ಎರಡು ಪ್ರಸಂಗಗಳನ್ನು ಮೊದಲು ಅರಿಕೆ ಮಾಡುತ್ತೇನೆ.

ಕಳೆದ ಕಾರ್ತಿಕದಲ್ಲಿ ನಮ್ಮ ಬಂಧುಗಳೊಬ್ಬರ ಗದ್ದೆಯಲ್ಲಿ ಕೊಯ್ಲಿಗೆ ಬಂದಿದ್ದ ಹೆಂಗಸೊಬ್ಬಳ ಅಂಗಾಲಿಗೆ, ಯಾರೋ ಕುಡಿದು ಬದುವಿನ ಮೇಲೆ ಎಸೆದಿದ್ದ ಸೀಸೆಯ ಚೂರು ಹೊಕ್ಕಿತು. ಅವಳಿಗೆ ಮೂರು ವಾರದ ಕೂಲಿ ತಪ್ಪಿತು. ಅದೇ ವಾರ ಪಟ್ಟಣದ ಸಭೆಯೊಂದರಲ್ಲಿ ವಿದ್ಯಾವಂತರೊಬ್ಬರು, ಪ್ಲಾಸ್ಟಿಕನ್ನು ತ್ಯಜಿಸಿ ಅನ್ನಪಾನಗಳೆಲ್ಲವನ್ನೂ ಗಾಜಿನಲ್ಲಿಯೇ ತುಂಬಬೇಕೆಂದೂ, ಭೂಮಿಗೆ ಭಾರವಾಗದ ಪಾತ್ರೆಯು ಅದೊಂದೇ ಎಂದೂ ಉಪನ್ಯಾಸ ಮಾಡಿದರು. ಒಂದು ಕಡೆ ಗಾಯ, ಇನ್ನೊಂದು ಕಡೆ ಸ್ತುತಿ. ಎರಡೂ ಒಂದೇ ವಸ್ತುವಿಗೆ ಸಂದದ್ದು. ಹಾಗಾದರೆ ಗಾಜು ಸಾಧುವೋ ಅಸಾಧುವೋ? ಈ ಪ್ರಶ್ನೆಗೆ ರಸಾಯನಶಾಸ್ತ್ರವು ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. ಉಳಿದರ್ಧವನ್ನು ಇತಿಹಾಸದಿಂದಲೇ ಪಡೆಯಬೇಕು.

ಮೊದಲು ಶಬ್ದವಿಚಾರ. ನಮ್ಮ 'ಗಾಜು' ಎಂಬುದು ಸಂಸ್ಕೃತದ 'ಕಾಚ' ಶಬ್ದದ ತದ್ಭವ. 'ಸೀಸೆ' ಎಂಬುದನ್ನು ಸೀಸವೆಂಬ ಲೋಹದ ಹೆಸರಿನಿಂದ ಬಂದದ್ದೆಂದು ಕೆಲವರು ಭ್ರಮಿಸುವುದುಂಟು. ಅದು ಪಾರಸಿಯ 'ಶೀಶಾ' ಎಂಬುದರಿಂದ ಹಿಂದುಸ್ಥಾನಿಯ ಮಾರ್ಗವಾಗಿ ನಮ್ಮಲ್ಲಿಗೆ ಬಂದದ್ದು. ವಸ್ತುವಿಗೆ ಸಂಸ್ಕೃತದ ಹೆಸರು, ಪಾತ್ರೆಗೆ ಪಾರಸಿಯ ಹೆಸರು: ಇದರಲ್ಲಿಯೇ ಒಂದು ಚರಿತ್ರೆ ಅಡಗಿದೆ. ನಮ್ಮವರಿಗೆ ಗಾಜು ಬಹು ಪ್ರಾಚೀನ ಕಾಲದಿಂದ ಪರಿಚಿತವಾಗಿದ್ದರೂ ಅದು ಹೆಚ್ಚಾಗಿ ಮಣಿಯಾಗಿ, ಬಳೆಯಾಗಿ ಮೈಮೇಲೆ ಇದ್ದಿತೇ ಹೊರತು ಅಡಿಗೆಯ ಮನೆಯನ್ನು ಹೊಕ್ಕದ್ದು ಕಡಮೆ. ಉಪ್ಪಿನಕಾಯಿಗೆ ಭರಣಿ, ತುಪ್ಪಕ್ಕೆ ಗಡಿಗೆ, ನೀರಿಗೆ ತಾಮ್ರದ ಕೊಡ. ವೈದ್ಯರು ಮಾತ್ರ ಇದಕ್ಕೆ ಅಪವಾದ. ರಸಶಾಸ್ತ್ರದ ಗ್ರಂಥಗಳಲ್ಲಿ 'ಕಾಚಕೂಪಿ' ಎಂಬ ಸೀಸೆಯ ಉಲ್ಲೇಖವಿದೆ. ಅದಕ್ಕೆ ಮಣ್ಣು ಮೆತ್ತಿದ ಬಟ್ಟೆಯನ್ನು ಪದರಪದರವಾಗಿ ಸುತ್ತಿ, ವಾಲುಕಾಯಂತ್ರವೆಂಬ ಮರಳಿನ ಪಾತ್ರೆಯಲ್ಲಿ ಹೂತು, ಪಾದರಸ ಗಂಧಕಗಳನ್ನು ಪಾಕ ಮಾಡುತ್ತಿದ್ದರು. ತೀಕ್ಷ್ಣವಾದ ದ್ರವ್ಯಗಳೊಡನೆಯೂ ಬೆರೆಯದೆ ತಾನು ತಾನಾಗಿಯೇ ಇರುವ ಗಾಜಿನ ಗುಣವನ್ನು ನಮ್ಮ ರಸವೈದ್ಯರು ಕಂಡುಕೊಂಡಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಆ ಗುಣವು ಎಲ್ಲಿಂದ ಬಂದಿತು? ಸಾಧಾರಣ ಸೀಸೆಯ ಗಾಜಿನಲ್ಲಿ ನೂರಕ್ಕೆ ಸುಮಾರು 70 ಪಾಲಿಗೂ ಮಿಕ್ಕು ಮರಳಿನ ಸತ್ತ್ವವೇ ಇರುತ್ತದೆ. ಉಳಿದದ್ದು ಮುಖ್ಯವಾಗಿ ಸೋಡಾಕ್ಷಾರ ಮತ್ತು ಸುಣ್ಣ. ಕ್ಷಾರವು ಮರಳನ್ನು ಬೇಗ ಕರಗಿಸುತ್ತದೆ. ಸುಣ್ಣವು ಆ ಪಾಕವು ನೀರಿನಲ್ಲಿ ಕದಡದಂತೆ ಕಾಯುತ್ತದೆ. ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಈ ಮೂರೂ ಒಂದಾಗಿ ಹೊರಬಂದ ಮೇಲೆ ಹುಳಿಗೂ ಉಪ್ಪಿಗೂ ಎಣ್ಣೆಗೂ ಗಾಜು ಉದಾಸೀನವಾಗಿರುತ್ತದೆ. ವಾಸನೆಯನ್ನು ಹೀರುವುದಿಲ್ಲ, ರುಚಿಯನ್ನು ಬಿಡುವುದಿಲ್ಲ, ಗಾಳಿಯನ್ನು ಒಳಗೆ ಬಿಡುವುದಿಲ್ಲ. ಒಡೆದರೆ ಪುನಃ ಕರಗಿಸಬಹುದು. ಎಷ್ಟು ಬಾರಿ ಕರಗಿಸಿದರೂ ಅದರ ಗುಣಕ್ಕೆ ಕುಂದಿಲ್ಲ. ಆದರೆ ಆ ಉಷ್ಣವನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಗಾಜಿನ ಕಥೆಯೆಲ್ಲವೂ ಆ ಬೆಂಕಿಯ ಸಾಲವನ್ನು ತೀರಿಸುವ ಕಥೆಯೇ.

ಊದುಕೊಳವೆಯಿಂದ ಗಾಜನ್ನು ಉಬ್ಬಿಸುವ ವಿದ್ಯೆಯು ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿ ಹುಟ್ಟಿತು. ಅಲ್ಲಿಯವರೆಗೆ ಶ್ರೀಮಂತರ ಸೊತ್ತಾಗಿದ್ದ ಗಾಜಿನ ಪಾತ್ರೆಯು ಎರಡು ಮೂರು ತಲೆಮಾರುಗಳೊಳಗೆ ರೋಮ್ ಚಕ್ರಾಧಿಪತ್ಯದ ಸಾಮಾನ್ಯರ ಮನೆಗಳನ್ನೂ ಸೇರಿತು. ಸಾಗಣೆಗೆ ಒಂದರ ಪಕ್ಕದಲ್ಲೊಂದು ಒತ್ತಾಗಿ ಕೂರುವ ಚೌಕಾಕಾರದ ಸೀಸೆಗಳನ್ನು ಅವರು ಮಾಡಿದರು. ಇದಕ್ಕಿಂತ ಸ್ವಾರಸ್ಯವಾದ ಸಂಗತಿಯೊಂದುಂಟು. ಕ್ರಿ. ಶ. 1ನೆಯ ಶತಮಾನದ ಲ್ಯಾಟಿನ್ ಕವಿ ಮಾರ್ಷಿಯಲ್‌ನು ರೋಮ್ ನಗರದ ಬೀದಿಯ ವ್ಯಾಪಾರಿಗಳನ್ನು ಹಾಸ್ಯಮಾಡುವಾಗ, ಒಡಕು ಗಾಜನ್ನು ಪಡೆದು ಅದಕ್ಕೆ ಪ್ರತಿಯಾಗಿ ಗಂಧಕದ ಕಡ್ಡಿಗಳನ್ನು ಕೊಡುತ್ತಿದ್ದವನೊಬ್ಬನನ್ನು ಸ್ಮರಿಸಿದ್ದಾನೆ. ನಮ್ಮ ಬೀದಿಗಳಲ್ಲಿ ಕೂಗುತ್ತ ಬರುವ ಹಳೇ ಸಾಮಾನಿನವನ ವಂಶವು ಎಷ್ಟು ಪುರಾತನವಾದುದೆಂಬುದನ್ನು ಗಮನಿಸಬೇಕು!

ಆ ಒಡಕು ಗಾಜು ಕುಲುಮೆಗೆ ಮರಳುತ್ತಿದ್ದಿತು. ಹೊಸ ಮರಳು ಕ್ಷಾರಗಳಿಗಿಂತ ಹಳೆಯ ಚೂರು ಬೇಗ ಕರಗುವುದರಿಂದ ಸೌದೆಯು ಉಳಿಯುತ್ತದೆ. ಇಂದಿನ ಲೆಕ್ಕದಲ್ಲಿಯೂ ಪಾಕಕ್ಕೆ ನೂರಕ್ಕೆ 10 ಪಾಲು ಚೂರು ಬೆರಸಿದರೆ ಬೆಂಕಿಯ ವೆಚ್ಚದಲ್ಲಿ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಉಳಿತಾಯವೆಂದು ತಜ್ಞರು ಹೇಳುತ್ತಾರೆ. ತುರ್ಕಿಯ ನೈರುತ್ಯ ಕರಾವಳಿಯ ಸೆರ್ಚೆ ಲಿಮಾನಿ ಎಂಬ ಕೊಲ್ಲಿಯಲ್ಲಿ 11ನೆಯ ಶತಮಾನದ ಪೂರ್ವಾರ್ಧದಲ್ಲಿ ಮುಳುಗಿದ ಹಡಗೊಂದನ್ನು 1977 ಮೊದಲ್ಗೊಂಡು ಪ್ರಾಕ್ತನಶಾಸ್ತ್ರಜ್ಞರು ಶೋಧಿಸಿದಾಗ, ಅದರಲ್ಲಿ ಪುನಃ ಕರಗಿಸುವುದಕ್ಕೆಂದೇ ಸಾಗಿಸುತ್ತಿದ್ದ ಸುಮಾರು 3 ಟನ್ ಗಾಜು ದೊರೆಯಿತು; ಅದರಲ್ಲಿ ಸುಮಾರು 1 ಟನ್ ಒಡೆದ ಪಾತ್ರೆಗಳು. ಸಾವಿರ ವರ್ಷಗಳ ಹಿಂದೆ ಗಾಜಿನ ಚೂರು ಕಸವಾಗಿರಲಿಲ್ಲ, ಹಡಗಿಗೆ ಏರಿಸುವಷ್ಟು ಬೆಲೆಯ ಸರಕಾಗಿದ್ದಿತು.

ಕುಲುಮೆಯು ಕಾಡನ್ನು ನುಂಗುವುದೆಂಬ ಭಯವೂ ಹೊಸದಲ್ಲ. ಇಂಗ್ಲೆಂಡಿನ ದೊರೆಯಾದ 1ನೆಯ ಜೇಮ್ಸ್ 1615ರಲ್ಲಿ ಗಾಜಿನ ಕುಲುಮೆಗಳಿಗೆ ಸೌದೆಯನ್ನು ಉರಿಸಕೂಡದೆಂದು ಆಜ್ಞೆ ಹೊರಡಿಸಿದನು. ಹಡಗು ಕಟ್ಟುವುದಕ್ಕೆ ಮರ ಬೇಕಾಗಿದ್ದಿತಷ್ಟೆ. ಕುಶಲಿಗಳು ಕಲ್ಲಿದ್ದಲಿಗೆ ತಿರುಗಿದರು. ಅದರ ತೀವ್ರವಾದ ಶಾಖದಿಂದ ದಪ್ಪವಾದ, ಕಪ್ಪುಛಾಯೆಯ, ಒಳಗಿನ ಒತ್ತಡವನ್ನು ತಾಳಬಲ್ಲ ಸೀಸೆಗಳು ಹುಟ್ಟಿದವು.

ಈ ಗಟ್ಟಿ ಸೀಸೆಯೇ ಮುಂದೆ ಆಹಾರರಕ್ಷಣೆಯ ವಿದ್ಯೆಗೆ ತಳಹದಿಯಾಯಿತು. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್‌ನು ಅನೇಕ ವರ್ಷಗಳ ಪ್ರಯೋಗದಿಂದ ಒಂದು ಉಪಾಯವನ್ನು ಸಾಧಿಸಿದನು. ತರಕಾರಿ, ಹಣ್ಣು, ಮಾಂಸ, ಹಾಲು ಮುಂತಾದುವನ್ನು ಸೀಸೆಯಲ್ಲಿ ತುಂಬಿ, ಬಿರಡೆಯಿಂದ ಭದ್ರಪಡಿಸಿ, ಕುದಿಯುವ ನೀರಿನಲ್ಲಿ ಇರಿಸಿದರೆ ಅವು ಬಹುಕಾಲ ಕೆಡದೆ ಉಳಿಯುವುವು. 1810ರಲ್ಲಿ ಫ್ರೆಂಚ್ ಸರ್ಕಾರವು ಅವನಿಗೆ 12,000 ಫ್ರಾಂಕುಗಳನ್ನು ಕೊಟ್ಟು, ವಿಧಾನವನ್ನು ಗ್ರಂಥರೂಪದಲ್ಲಿ ಪ್ರಕಟಿಸುವಂತೆ ಕಟ್ಟುಮಾಡಿತು. ಕ್ರಿಮಿಗಳೇ ಕೊಳೆಯುವಿಕೆಗೆ ಕಾರಣವೆಂದು ಪಾಸ್ತರನು ಸ್ಥಾಪಿಸುವುದಕ್ಕೆ ಇನ್ನೂ ಅರ್ಧ ಶತಮಾನವಿದ್ದಿತು. ಕಾರಣವು ತಿಳಿಯದಿದ್ದರೂ ಕಾರ್ಯವು ಸಿದ್ಧಿಸಿದ್ದಿತು.

ಇನ್ನು ಪಾನೀಯದ ಕಥೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲೆಯು ಮದ್ಯ ಕಾಯಿಸುವ ಕೊಪ್ಪರಿಗೆಗಳ ಮೇಲೆ ನಿಲ್ಲುತ್ತಿದ್ದ ಅಂಗಾರಾಮ್ಲ ವಾಯುವನ್ನು ನೀರಿನಲ್ಲಿ ಬೆರಸುವ ಕ್ರಮವನ್ನು ಕಂಡನು. 1783ರಲ್ಲಿ ಜಿನೀವದಲ್ಲಿ ಯಾಕೋಬ್ ಶ್ವೆಪ್ ಅದನ್ನು ವ್ಯಾಪಾರವಾಗಿ ಆರಂಭಿಸಿದನು. ನೀರಿಗಿಂತ ಸೀಸೆಯ ಬೆಲೆಯೇ ಹೆಚ್ಚು. ಆದುದರಿಂದ ಸೀಸೆ ಮರಳದಿದ್ದರೆ ವ್ಯಾಪಾರಿಯು ಉಳಿಯುವಂತಿರಲಿಲ್ಲ. 1800ರ ಸುಮಾರಿಗೇ ಡಬ್ಲಿನ್ ನಗರದ ತ್ವೈಟ್ಸ್ ಎಂಬ ಸೋಡಾ ವ್ಯಾಪಾರಿಗಳು ಖಾಲಿ ಸೀಸೆಗಳನ್ನು ತಂದೊಪ್ಪಿಸಿದವರಿಗೆ ಡಜನ್ನಿಗೆ 2 ಷಿಲ್ಲಿಂಗ್ ಕೊಡುವುದಾಗಿ ಪ್ರಕಟಿಸಿದರು. ಇಂದು ಹೊಸ ಆವಿಷ್ಕಾರವೆಂಬಂತೆ ವರ್ಣಿಸಲಾಗುವ ಠೇವಣಿ ಪದ್ಧತಿಯು ಹೀಗೆ ಎರಡು ಶತಮಾನಗಳಷ್ಟು ಹಳೆಯದು.

ಬಿರಡೆಯು ಒಣಗಿದರೆ ವಾಯುವು ಸೋರಿಹೋಗುವುದು ದೊಡ್ಡ ತೊಡಕಾಗಿದ್ದಿತು. ಲಂಡನ್ನಿನ ಕೇಂಬರ್‌ವೆಲ್ಲಿನ ಹೈರಂ ಕಾಡ್ ಎಂಬ ಯಂತ್ರಶಿಲ್ಪಿಯು 1872ರಲ್ಲಿ ಇದಕ್ಕೆ ಅಪೂರ್ವವಾದ ಪರಿಹಾರವನ್ನು ಕಂಡನು. ಸೀಸೆಯ ಕಂಠದಲ್ಲಿ ಒಂದು ಗಾಜಿನ ಗೋಲಿ, ಬಾಯಿಯ ಒಳಗೆ ರಬ್ಬರಿನ ಬಳೆ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ತುಂಬಿದರೆ ವಾಯುವಿನ ಒತ್ತಡವೇ ಗೋಲಿಯನ್ನು ಬಳೆಗೆ ಒತ್ತಿ ಮುಚ್ಚುವುದು. ಬಿರಡೆ ಬೇಡ, ತಗಡಿನ ಮುಚ್ಚಳ ಬೇಡ; ಕುಡಿದಾದ ಮೇಲೆ ಎಸೆಯುವ ಭಾಗವೆಂಬುದೇ ಅದರಲ್ಲಿಲ್ಲ. ಈ ಸೀಸೆಯು ಹುಟ್ಟಿದ ದೇಶದಲ್ಲಿ ಕ್ರಮೇಣ ಮರೆಯಾದರೂ ನಮ್ಮಲ್ಲಿ ಗೋಲಿ ಸೋಡಾ ಎಂಬ ಹೆಸರಿನಿಂದ ಇಂದಿಗೂ ಜೀವಿಸಿದೆ.

ನನ್ನ ಬಾಲ್ಯದಲ್ಲಿ ನಮ್ಮ ಊರಿನ ಸೋಡಾ ಅಂಗಡಿಯಲ್ಲಿ ಸೀಸೆಯನ್ನು ಅಲ್ಲಿಯೇ ನಿಂತು ಕುಡಿದು ಒಪ್ಪಿಸಬೇಕಾಗಿದ್ದಿತು. ಮನೆಗೆ ಒಯ್ದರೆ ಕಾಸನ್ನು ಒತ್ತೆಯಿಡಬೇಕು. ಒಮ್ಮೆ ನಾನೂ ನನ್ನ ಸೋದರಮಾವನ ಮಗನೂ ಗೋಲಿಯ ಆಸೆಯಿಂದ ಒಂದು ಸೀಸೆಯನ್ನು ಹಿತ್ತಲಿನ ಒಗೆಯುವ ಕಲ್ಲಿಗೆ ಅಪ್ಪಳಿಸಿದೆವು. ತಂದೆಯವರು ಹೊಡೆಯಲಿಲ್ಲ. ಚೂರುಗಳನ್ನೆಲ್ಲ ನಮ್ಮಿಂದಲೇ ಆರಿಸಿ ಬುಟ್ಟಿಗೆ ತುಂಬಿಸಿದರು, ಅಂಗಡಿಗೆ ಕರೆದೊಯ್ದು ನಮ್ಮ ಕೈಯಿಂದಲೇ ದುಡ್ಡು ಕೊಡಿಸಿದರು. "ಸೀಸೆ ಅವನದು ಕಣೋ, ಸೋಡಾ ಮಾತ್ರ ನಿನ್ನದು" ಎಂದು ಅವರು ಹೇಳಿದ ಒಂದು ಮಾತು, ನಾನು ಮುಂದೆ ಓದಿದ ಎಷ್ಟೋ ಅರ್ಥಶಾಸ್ತ್ರಕ್ಕಿಂತ ಸ್ಪಷ್ಟವಾಗಿ ನೆನಪಿನಲ್ಲಿ ನಿಂತಿದೆ. ಆ ದಿನಗಳಲ್ಲಿ ಆಸ್ಪತ್ರೆಗೆ ಹೋಗುವವರು ಔಷಧಕ್ಕೆ ಸೀಸೆಯನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಎಣ್ಣೆಗೂ ಜೇನಿಗೂ ಹಾಗೆಯೇ. ಸೀಸೆಯು ಮನೆವಾರ್ತೆಯ ಸದಸ್ಯನಂತಿದ್ದಿತು.

ಈ ವ್ಯವಸ್ಥೆಯು ಹೇಗೆ ಕೆಟ್ಟಿತು? ವಿಪರ್ಯಾಸವೆಂದರೆ, ಒಂದು ಸದುದ್ದೇಶದ ಯಂತ್ರವೂ ಇದಕ್ಕೆ ದಾರಿಮಾಡಿತು. ಹತ್ತನೆಯ ವಯಸ್ಸಿನಲ್ಲಿಯೇ ಗಾಜಿನ ಕಾರ್ಖಾನೆಯ ಕೂಲಿಗೆ ಸೇರಿದ್ದ ಅಮೆರಿಕದ ಮೈಕೆಲ್ ಓವೆನ್ಸ್, 1903ರಲ್ಲಿ ಟೊಲೀಡೊ ನಗರದಲ್ಲಿ ತಾನಾಗಿಯೇ ಸೀಸೆಯನ್ನು ಊದುವ ಯಂತ್ರವನ್ನು ಸಿದ್ಧಪಡಿಸಿದನು. ಅದರಿಂದ ಅಸಂಖ್ಯ ಬಾಲಕರು ಕುಲುಮೆಯ ಬಾಯಿಯಿಂದ ಪಾರಾದರು, ಇದು ಪುಣ್ಯಕಾರ್ಯವೇ. ಆದರೆ ಸೀಸೆಯು ಅಗ್ಗವಾಯಿತು. ಅಗ್ಗವಾದದ್ದನ್ನು ಹಿಂದಕ್ಕೆ ಪಡೆಯುವ ಆಸ್ಥೆ ವ್ಯಾಪಾರಿಗೆ ಉಳಿಯಲಿಲ್ಲ. ನಮ್ಮ ದೇಶದಲ್ಲಿ ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆಯನ್ನು ಕೂಡಿಸಿದ ನಿಧಿಯಿಂದ, 1908ರಲ್ಲಿ ಪುಣೆಯ ಸಮೀಪದ ತಳೇಗಾಂವಿನಲ್ಲಿ ಸ್ವದೇಶೀ ಗಾಜಿನ ಕಾರ್ಖಾನೆಯು ಹುಟ್ಟಿತು. ಒಂದು ಪೈಸೆಗೂ ಒಂದು ಸೀಸೆಗೂ ಅಷ್ಟು ಮರ್ಯಾದೆಯಿದ್ದ ಕಾಲವದು. 1973ರಲ್ಲಿ ಅಮೆರಿಕದ ನಥಾನಿಯಲ್ ವೈಯತ್ ಎಂಬವನಿಗೆ ವಾಯುಮಿಶ್ರ ಪಾನೀಯದ ಒತ್ತಡವನ್ನು ತಾಳುವ ಪ್ಲಾಸ್ಟಿಕ್ ಸೀಸೆಯ ಹಕ್ಕುಪತ್ರ ದೊರೆತ ಮೇಲೆ ಉಳಿದ ಕಥೆಯು ವಾಚಕರಿಗೆ ವಿದಿತವೇ ಆಗಿದೆ.

ಈಗ ಮೇಷ್ಟರ ಅಭ್ಯಾಸದಂತೆ ಒಂದು ಲೆಕ್ಕವನ್ನು ಮಾಡೋಣ. ಪ್ರತಿ ಸಲವೂ ನೂರು ಸೀಸೆಗಳಲ್ಲಿ 50 ಮಾತ್ರ ಮರಳಿದರೆ, ಒಂದು ಸೀಸೆಯು ಸರಾಸರಿ 2 ಬಾರಿ ಬಳಕೆಗೆ ಬರುತ್ತದೆ. 90 ಮರಳಿದರೆ 10 ಬಾರಿ. 95 ಮರಳಿದರೆ 20 ಬಾರಿ. ಒಂದೂ ಮರಳದಿದ್ದರೆ ಒಂದೇ ಬಾರಿ. ಆಗ 1500 ಡಿಗ್ರಿಯ ಬೆಂಕಿಯ ಸಾಲವೆಲ್ಲವೂ ಒಂದು ಗುಟುಕಿನ ತಲೆಯ ಮೇಲೆ ಬೀಳುತ್ತದೆ. ಅರ್ಧ ಲೀಟರಿನ ಗಾಜಿನ ಸೀಸೆಯು ಅದೇ ಅಳತೆಯ ಪ್ಲಾಸ್ಟಿಕ್ ಸೀಸೆಗಿಂತ ಹತ್ತು ಪಾಲಿಗೂ ಮಿಕ್ಕು ತೂಕವಾಗಿರಬಹುದು. ಆ ಭಾರವನ್ನು ಹೊರುವ ವಾಹನಕ್ಕೂ ಇಂಧನ ಬೇಕು. ಒಂದೇ ಬಾರಿ ಕುಡಿದು ಎಸೆಯುವ ಗಾಜು ಭೂಮಿಗೆ ಉಪಕಾರಿಯಲ್ಲ. ಬೆಂಕಿಯ ಲೆಕ್ಕದಲ್ಲಿ ಅದು ಅನೇಕ ವೇಳೆ ಪ್ಲಾಸ್ಟಿಕಿಗಿಂತಲೂ ದುಬಾರಿ. ತೊಳೆಯುವುದಕ್ಕೆ ನೀರೂ ಬಿಸಿಯೂ ಬೇಕೆಂಬುದು ನಿಜ. ದೂರದಿಂದ ತರಿಸುವ ಸೀಸೆಗಳಲ್ಲಿ ಲಾಭವು ಕರಗುವುದೂ ನಿಜ. ಸಮೀಪದಲ್ಲಿ ತುಂಬಿ, ಸಮೀಪದಲ್ಲಿ ಕುಡಿದು, ಸಮೀಪಕ್ಕೇ ಮರಳುವ ಸೀಸೆಗೆ ಮಾತ್ರ ಸಭೆಯ ಸ್ತುತಿಯು ಸಲ್ಲುತ್ತದೆ.

ಹೀಗೆ ಮರಳಿಸುವುದು ಇಂದಿಗೂ ಅಸಾಧ್ಯವಲ್ಲ. ಜರ್ಮನಿಯ ಖನಿಜಜಲದ ವ್ಯಾಪಾರಿಗಳು ಒಟ್ಟುಗೂಡಿ 1969ರಲ್ಲಿ ಎಲ್ಲರಿಗೂ ಸಮಾನವಾದ ಒಂದೇ ಆಕೃತಿಯ ಸೀಸೆಯನ್ನು ಗೊತ್ತುಮಾಡಿಕೊಂಡರು. ಯಾರ ಸೀಸೆಯು ಯಾರಲ್ಲಿಗೆ ಮರಳಿದರೂ ಅದು ವ್ಯರ್ಥವಾಗುವಂತಿಲ್ಲ. ನಮ್ಮ ನೆರೆಯ ನೀಲಗಿರಿಯಲ್ಲಿ, ಎಸೆದ ಮದ್ಯದ ಸೀಸೆಗಳ ಚೂರು ಆನೆಗಳ ಕಾಲಿಗೆ ಚುಚ್ಚುತ್ತಿದ್ದುದನ್ನು ಮದರಾಸು ಉಚ್ಚ ನ್ಯಾಯಾಲಯವು ಗಂಭೀರವಾಗಿ ಪರಿಗಣಿಸಿದುದರಿಂದ, 2022ರಲ್ಲಿ ಸೀಸೆಯೊಂದಕ್ಕೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಸೀಸೆಯನ್ನು ತಂದವರಿಗೆ ಅದನ್ನು ಹಿಂದಿರುಗಿಸುವ ಏರ್ಪಾಡು ಆರಂಭವಾಯಿತು. ಆನೆಯ ಪಾದಕ್ಕೆ ದೊರೆತ ಈ ರಕ್ಷಣೆಯು ಗದ್ದೆಯಲ್ಲಿ ಬರಿಗಾಲಿನಲ್ಲಿ ನಡೆಯುವವರ ಪಾದಕ್ಕೂ ದೊರೆಯಬೇಕಲ್ಲವೆ?

ಆದುದರಿಂದ ಆರಂಭದ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಗಾಜು ಸ್ವತಃ ಸಾಧುವೂ ಅಲ್ಲ, ಅಸಾಧುವೂ ಅಲ್ಲ. ಮರಳಿ ಬಂದರೆ ಅದು ಮಣಿ. ಬದುವಿನ ಮೇಲೆ ಬಿದ್ದರೆ ಅದು ಕೇವಲ ಕಾಚ. ನಮ್ಮ ಮನೆಗಳಲ್ಲಿ ಪೂಜಿಸಿದ ದೇವರನ್ನು ವಿಸರ್ಜಿಸುವಾಗಲೂ ಮತ್ತೆ ಬರಬೇಕೆಂದು ಪ್ರಾರ್ಥಿಸಿಯೇ ಕಳುಹಿಸುವ ಸಂಪ್ರದಾಯವಿದೆ. ಖಾಲಿಯಾದ ಸೀಸೆಯನ್ನೂ ಆ ಭಾವದಿಂದಲೇ ತೊಳೆದು, ಒರೆಸಿ, ಬಾಗಿಲ ಬಳಿ ಇರಿಸುವ ಅಭ್ಯಾಸವು ನಮ್ಮ ಗೃಹಿಣಿಯರಿಗೆ ಇದ್ದಿತು. ಅದು ಇನ್ನೂ ಪೂರ್ಣವಾಗಿ ಮರೆತುಹೋಗಿಲ್ಲವೆಂದೇ ನಾನು ನಂಬಿದ್ದೇನೆ.